ತಾಮ್ರದ ಟಾರ್ಚಿಗಿಂತ ಗಡಿಯಾರದ ಸೆಲ್ಲಿನ ಟಾರ್ಚೇ ವಾಸಿ

ನಮ್ಮ ಮನೆ ಬಾಗಿಲ ಪಕ್ಕದ ಮೊಳೆಗೆ ಈಗ ನೇತಾಡುತ್ತಿರುವುದು ಎರಡು ಪೆನ್ಸಿಲ್ ಸೆಲ್ಲಿನ ಸಾದಾ ಕಪ್ಪು ಟಾರ್ಚು. ಬೆಲೆ 1,450 ರೂಪಾಯಿ. ಅದರ ಐದು ಪಟ್ಟು ಕೊಟ್ಟು ತರಿಸಿದ ಲಿಮಿಟೆಡ್ ಎಡಿಷನ್ ತಾಮ್ರದ ಟಾರ್ಚು ಕಾಫಿ ತೂಗುವ ತಕ್ಕಡಿಯ ಪಕ್ಕ, ಹಳೇ ಬಿಸ್ಕತ್ತಿನ ಡಬ್ಬದಲ್ಲಿದೆ. ಅದು ಆ ಡಬ್ಬ ಸೇರಿದ ಕಥೆ ಹೇಳುತ್ತೇನೆ. ಟಾರ್ಚು ತಗೊಳ್ಳುವ ಯೋಚನೆ ಇರುವವರಿಗೆ ಒಂದಿಷ್ಟು ದುಡ್ಡು ಉಳಿದರೂ ಉಳಿಯಬಹುದು.

ನಾವಿರುವುದು ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನಲ್ಲಿ, ಬಣಕಲ್ಲಿನಿಂದ ಕೊಟ್ಟಿಗೆಹಾರದ ಕಡೆ ಹೋಗುವಾಗ ರಸ್ತೆ ಬಿಟ್ಟು ಎರಡು ಕಿಲೋಮೀಟರ್ ಒಳಗೆ. ನಾಲ್ಕು ಎಕರೆ ರೋಬಸ್ಟಾ ಕಾಫಿ, ಮರಕ್ಕೆ ಹಬ್ಬಿಸಿದ ಒಂದಷ್ಟು ಮೆಣಸು. ಇಲ್ಲಿ ಟಾರ್ಚು ಶೋಕಿಯ ಸಾಮಾನಲ್ಲ. ಜುಲೈಯಲ್ಲಿ ಲೈನ್ ಮೇಲೆ ಒಂದು ಮರ ಬಿತ್ತು ಅಂದರೆ ಮೂರು ದಿನ ಕರೆಂಟು ಮರೆಯಬೇಕು. ಜನವರಿಯಲ್ಲಿ ಕಣದ ತುಂಬ ಕಾಫಿ ಹರಡಿದಾಗ ರಾತ್ರಿ ನಾಲ್ಕು ಹನಿ ಬಿದ್ದರೂ ಎದ್ದು ಟಾರ್ಪಾಲು ಎಳೆಯಲು ಓಡಬೇಕು. ಫೆಬ್ರವರಿ, ಮಾರ್ಚ್ ಬಂದರೆ ಹೂವಿಗೆ ನೀರು ಕೊಡುವ ಕೆಲಸ. ಪಂಪಿಗೆ ಬೇಕಾದ ತ್ರೀ ಫೇಸ್ ಕರೆಂಟು ಬರುವುದು ನಾವು ಮಲಗಿದ ಮೇಲೆಯೇ.

ಇಷ್ಟು ವರ್ಷ ಪೇಟೆಯಲ್ಲಿ ಸಿಗುವ ಚಾರ್ಜಿಂಗ್ ಟಾರ್ಚಿನಲ್ಲೇ ಕಾಲ ಹಾಕಿದ್ದೆ. ಅದೇ, ಪ್ಲಾಸ್ಟಿಕ್ಕಿನ ಮೈ, ಹಿಂದೆ ಮಡಚುವ ಪಿನ್ನು, 400 ರೂಪಾಯಿ ಚಿಲ್ಲರೆ. ಬೆಳಕು ದೂರ ಹೋಗುತ್ತದೆ, ಅದರಲ್ಲಿ ಮೋಸವಿಲ್ಲ. ಆದರೆ ನಾನು ತಂದವುಗಳ ಒಳಗಿದ್ದುದು ಪುಟ್ಟ ಲೆಡ್ ಆಸಿಡ್ ಬ್ಯಾಟರಿ. ನಾಲ್ಕು ತಿಂಗಳು ಚಾರ್ಜ್ ಮಾಡದೆ ಮೂಲೆಯಲ್ಲಿಟ್ಟರೆ ಅದು ಸತ್ತ ಹಾಗೆಯೇ. ವರ್ಷಕ್ಕೊಂದು ತರುತ್ತಿದ್ದೆ, ವರ್ಷಕ್ಕೊಂದು ಗುಜರಿಗೆ ಹಾಕುತ್ತಿದ್ದೆ. ಕೊನೆಯದಕ್ಕೆ ನೆತ್ತಿಯ ಮೇಲೆ ಸೋಲಾರ್ ಪ್ಯಾನೆಲ್ ಬೇರೆ ಇತ್ತು. ಕೊಟ್ಟಿಗೆಹಾರದ ಜುಲೈಗೆ ಸೋಲಾರ್! ಅದರ ಬಗ್ಗೆ ಇಷ್ಟು ಸಾಕು.

ತಾಮ್ರದ್ದರ ಹುಚ್ಚು ಹಿಡಿಸಿದವನು ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗ. "ಮಾವ, ಐನೂರೇ ಪೀಸ್ ಮಾಡಿರೋದು, ಆಮೇಲೆ ಬೇಕು ಅಂದ್ರೂ ಸಿಗಲ್ಲ" ಅಂದ. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ, ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಉದ್ದ. ಬೆಳಕನ್ನು ಮಿಣುಕು ಹುಳದಷ್ಟರಿಂದ 1000 ಲುಮೆನ್‌ವರೆಗೆ (ಲುಮೆನ್ ಅಂದರೆ ಬೆಳಕಿನ ಅಳತೆ) ಎಷ್ಟು ಬೇಕೋ ಅಷ್ಟಕ್ಕೆ ನಿಲ್ಲಿಸಬಹುದು. ಬುಡದಲ್ಲಿ 137 ಅಂತ ನಂಬರು ಕೆತ್ತಿದ್ದಾರೆ. ಕೈಯಲ್ಲಿ ಹಿಡಿದಾಗ, ನಿಜ ಹೇಳುತ್ತೇನೆ, ಅಜ್ಜನ ಕಾಲದ ಅಡಿಕೆ ಡಬ್ಬಿ ಸಿಕ್ಕಷ್ಟು ಖುಷಿಯಾಯಿತು.

ಆ ಖುಷಿ ಪಂಪ್‌ಹೌಸ್‌ವರೆಗೆ ಇತ್ತು.

ಟಾರ್ಚಿಗೆ ಇರುವುದು ಒಂದೇ ಗುಂಡಿ. ಎಲ್ಲ ಕೆಲಸವೂ ಅದರಿಂದಲೇ. ಒಂದು ಸಲ ಒತ್ತಿದರೆ ಹಿಂದಿನ ಸಲ ಎಷ್ಟಿತ್ತೋ ಅಷ್ಟು ಬೆಳಕು. ಒತ್ತಿ ಹಿಡಿದರೆ ಜಾಸ್ತಿಯಾಗುತ್ತಾ ಹೋಗುತ್ತದೆ. ಬಿಟ್ಟು ಮತ್ತೆ ಒತ್ತಿ ಹಿಡಿದರೆ ಕಮ್ಮಿಯಾಗುತ್ತದೆ. ಬೇಗ ಎರಡು ಸಲ ಒತ್ತಿದರೆ ಫುಲ್. ನಾಲ್ಕು ಸಲ ಒತ್ತಿದರೆ ಏನು ಅಂತ ನನಗೆ ಆಗ ಗೊತ್ತಿರಲಿಲ್ಲ.

ಮಾರ್ಚ್ ಮೊದಲ ವಾರ. ರಾತ್ರಿ ಒಂದೂವರೆಗೆ ತ್ರೀ ಫೇಸ್ ಬಂತು. ಕೊಡದಲ್ಲಿ ನೀರು ತಗೊಂಡು ಹೋಗಿ ಪಂಪಿಗೆ ಸುರಿದೆ, ಕೈ ಒದ್ದೆ. ಸ್ಟಾರ್ಟರ್ ನೋಡೋಣ ಅಂತ ಟಾರ್ಚ್ ಹಿಡಿದರೆ ಹಿಂದಿನ ಸುಣ್ಣದ ಗೋಡೆಯಿಂದ ಬೆಳಕೆಲ್ಲ ವಾಪಸ್ ಮುಖಕ್ಕೆ. ಕಮ್ಮಿ ಮಾಡೋಣ ಅಂತ ಒತ್ತಿ ಹಿಡಿದೆ. ಜಾಸ್ತಿಯಾಯಿತು. ಬಿಟ್ಟೆ. ಮತ್ತೆ ಒತ್ತುವಾಗ ಒದ್ದೆ ಬೆರಳು ಜಾರಿ ಎರಡು ಸಲ ಒತ್ತಿದಂತಾಯಿತು. 1000 ಲುಮೆನ್, ಅರ್ಧ ಮೀಟರ್ ದೂರದ ಬಿಳಿ ಗೋಡೆಗೆ! ಕಣ್ಣ ಮುಂದೆ ಹಸಿರು ಮಚ್ಚೆ. ಸಿಟ್ಟಿನಲ್ಲಿ ಪಟಪಟ ಒತ್ತಿದೆ. ಟಾರ್ಚು ಎರಡು ಸಲ ಮಿಣಮಿಣ ಅಂದು ಆರಿಹೋಯಿತು. ಆಮೇಲೆ ಎಷ್ಟು ಒತ್ತಿದರೂ ಅಷ್ಟೇ, ಎರಡು ಸಲ ಕಣ್ಣು ಹೊಡೆಯುತ್ತದೆ, ಕತ್ತಲು.

ಫೋನು ಮನೆಯಲ್ಲಿ ಚಾರ್ಜಿಗೆ. ಒದ್ದೆ ಕೈಯಲ್ಲಿ, ಕತ್ತಲಲ್ಲಿ ಸ್ಟಾರ್ಟರ್ ತಡಕುವ ಧೈರ್ಯ ನನಗಿಲ್ಲ. ಸ್ಪ್ರಿಂಕ್ಲರ್ ಪೈಪು ಮನೆ ಹಿಂದಿನಿಂದ ಹಾದುಹೋಗುತ್ತದೆ. ಅದಕ್ಕೆ ಎಡಗಾಲು ತಾಗಿಸಿಕೊಂಡು, ಒಂದೊಂದೇ ಹೆಜ್ಜೆ ಇಡುತ್ತಾ ಇನ್ನೂರು ಮೀಟರ್ ನಡೆದೆ. ಪೈಪಿನ ಜಾಯಿಂಟುಗಳು ಎಷ್ಟಿವೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಒಣಗಿದ ತರಗೆಲೆ ಸರಕ್ ಅಂದಾಗಲೆಲ್ಲ ನಿಂತುಬಿಡುತ್ತಿದ್ದೆ. ಹೆಂಡತಿ ಬಾಗಿಲು ತೆಗೆದು, "ಏಳು ಸಾವಿರದ ಟಾರ್ಚ್ ಎಲ್ಲಿ?" ಅಂದಳು. ಜೇಬಿನಲ್ಲಿತ್ತು.

ಬೆಳಿಗ್ಗೆ ಹುಡುಗನಿಗೆ ಫೋನ್ ಮಾಡಿದರೆ, "ಮಾವ, ಅದು ಹಾಳಾಗಿಲ್ಲ, ಲಾಕ್ ಆಗಿದೆ ಅಷ್ಟೇ. ಇನ್ನೊಂದ್ಸಲ ನಾಲ್ಕು ಒತ್ತಿ" ಅಂದ. ಒತ್ತಿದೆ, ಬಂತು. ಲಾಕ್ ಇಟ್ಟಿದ್ದಕ್ಕೆ ಕಾರಣವೂ ಇದೆ. ಇಷ್ಟು ಬೆಳಕಿನ ಟಾರ್ಚು ಜೇಬಿನಲ್ಲಿ ತಾನಾಗಿಯೇ ಹತ್ತಿಕೊಂಡರೆ ಬಟ್ಟೆ, ಚರ್ಮ ಎರಡೂ ಸುಡುತ್ತದೆ. ಒಪ್ಪುತ್ತೇನೆ. ಜೊತೆಗೆ ಬಂದ ಕಾಗದದಲ್ಲೂ ಎಲ್ಲ ಬರೆದಿತ್ತು, ಇರುವೆ ಸಾಲಿನಂಥ ಅಕ್ಷರದಲ್ಲಿ, ಎಂಟು ಮಡಿಕೆ ಹಾಕಿ. ಆದರೆ ರಾತ್ರಿ ಒಂದೂವರೆಗೆ ಎದ್ದವನ ಬೆರಳಿಗೆ ಕಾಗದ ಓದಲು ಬರುವುದಿಲ್ಲವಲ್ಲ. ಬೆಳಕು ಹೆಚ್ಚು ಕಮ್ಮಿ ಮಾಡುವ ಸೌಲಭ್ಯ ಇದೆ ಅಂತಲೇ ಇದನ್ನು ತಗೊಂಡಿದ್ದು. ಆ ಕೆಲಸವೇ ಇದರಲ್ಲಿ ಎಲ್ಲಕ್ಕಿಂತ ಕಷ್ಟ. ಒತ್ತಿ ಹಿಡಿದಾಗ ಈಗ ಏರುತ್ತದೋ ಇಳಿಯುತ್ತದೋ ಅಂತ ಪ್ರತಿ ಸಲವೂ ಲಾಟರಿ.

ಪೆನ್ಸಿಲ್ ಸೆಲ್ಲಿನ ಟಾರ್ಚಿನಲ್ಲಿ ಹಿಂದೆ ಟಕ್ ಅನ್ನುವ ಒಂದು ಗುಂಡಿ, ಕತ್ತಿನಲ್ಲಿ ತಿರುಗುವ ಒಂದು ಬಳೆ. ಬಳೆಗೆ ಮೂರೇ ಜಾಗ. ಎಡಕ್ಕೆ ಪೂರ್ತಿ ತಿರುಗಿಸಿದರೆ ಸಣ್ಣದು, ಬಲಕ್ಕೆ ಪೂರ್ತಿ ತಿರುಗಿಸಿದರೆ ದೊಡ್ಡದು. ಹಚ್ಚುವ ಮೊದಲೇ, ಕತ್ತಲಲ್ಲೇ, ಹೆಬ್ಬೆರಳಿಗೆ ಎಲ್ಲಿದೆ ಅಂತ ಗೊತ್ತಾಗುತ್ತದೆ. ಅಮ್ಮನಿಗೆ ಎಪ್ಪತ್ತೆಂಟು ವರ್ಷ, ಒಂದೇ ಸಲ ತೋರಿಸಿದ್ದು. ನೂರು ಮೆಟ್ಟಿಲು ಬೆಳಕು ಇಟ್ಟುಕೊಂಡು ಏನು ಮಾಡುವುದು? ನನಗೆ ಬೇಕಾಗಿರುವುದು ಮೂರು: ಹಾಸಿಗೆ ಪಕ್ಕದ್ದು, ಕಾಲುದಾರಿಯದ್ದು, ಮತ್ತೆ ನಾಯಿ ಯಾಕೆ ಬೊಗಳುತ್ತಿದೆ ಅಂತ ನೋಡುವುದು.

ಅಂದ ಹಾಗೆ ಆ 1000 ಲುಮೆನ್ ಕೂಡ ಬಹಳ ಹೊತ್ತು ಇರುವುದಿಲ್ಲ. ಪುಟ್ಟ ಮೈ, ಬೇಗ ಕಾಯುತ್ತದೆ. ನಮ್ಮದು ಎರಡು ನಿಮಿಷಕ್ಕೆ ತಾನೇ ಬೆಳಕು ಇಳಿಸಿಕೊಂಡಿತು. ತಾಮ್ರ ಬಿಸಿಯನ್ನು ಚೆನ್ನಾಗಿ ಹರಡುವ ಲೋಹ, ಹಾಗಾಗಿ ಬಿಸಿಯೆಲ್ಲ ಸೀದಾ ಅಂಗೈಗೆ. ಪೆನ್ಸಿಲ್ ಸೆಲ್ಲಿನದು ಹೆಚ್ಚೆಂದರೆ ಇನ್ನೂರು ಚಿಲ್ಲರೆ ಲುಮೆನ್. ಕಾಗದದ ಮೇಲೆ ಐದು ಪಟ್ಟು ವ್ಯತ್ಯಾಸ, ಕಣ್ಣಿಗೆ ಎರಡು ಪಟ್ಟು ಅನಿಸಿದರೆ ಹೆಚ್ಚು. ಮಳೆಗಾಲದ ಮಂಜಿನಲ್ಲಂತೂ ಜಾಸ್ತಿ ಬೆಳಕೇ ಶತ್ರು. ಎದುರಿಗೆ ಬಿಳಿ ಪರದೆ ಕಟ್ಟಿದ ಹಾಗಾಗುತ್ತದೆ. ಮಂಜಿನಲ್ಲಿ ಟಾರ್ಚನ್ನು ಕಣ್ಣಿನ ಹತ್ತಿರ ಹಿಡಿಯಬೇಡಿ, ಸೊಂಟಕ್ಕಿಂತ ಕೆಳಗೆ ಹಿಡಿದು ಸಣ್ಣ ಬೆಳಕಿನಲ್ಲಿ ನಡೆಯಿರಿ. ದಾರಿ ಕಾಣುತ್ತದೆ.

ಇನ್ನು ಭಾರ. ತಾಮ್ರ ಅಲ್ಯುಮಿನಿಯಂಗಿಂತ ಮೂರು ಪಟ್ಟಿಗೂ ಹೆಚ್ಚು ತೂಕ. ಜೇಬಿನಲ್ಲಿದ್ದರೆ ಪಂಚೆಯ ಮೇಲಿನ ಅಂಗಿ ಒಂದು ಕಡೆ ಜೋತುಬೀಳುತ್ತದೆ, ಅದೇನು ದೊಡ್ಡ ವಿಷಯವಲ್ಲ. ಟಾರ್ಪಾಲು ಎಳೆಯುವಾಗ ಎರಡೂ ಕೈ ಬೇಕು, ಟಾರ್ಚು ಹಲ್ಲಿನಲ್ಲಿ. ತಾಮ್ರವನ್ನು ಐದು ನಿಮಿಷ ಕಚ್ಚಿ ಹಿಡಿದು ನೋಡಿ. ದವಡೆ ನೋವು ಒಂದು ಕಡೆ, ಬಾಯಲ್ಲಿ ಹಳೇ ನಾಣ್ಯ ನೆಕ್ಕಿದಂಥ ರುಚಿ ಇನ್ನೊಂದು ಕಡೆ. ಬೆಳಗಿನ ಕಾಫಿಯಲ್ಲೂ ಅದೇ ರುಚಿ ಇತ್ತು. ಕಪ್ಪು ಟಾರ್ಚಿನ ಬಾಲಕ್ಕೆ ನಾನು ಸೈಕಲ್ ಟ್ಯೂಬಿನ ಒಂದು ತುಂಡು ಸಿಕ್ಕಿಸಿದ್ದೇನೆ, ಹಲ್ಲಿಗೆ ಹಿತ.

ಸೆಲ್ಲಿನ ಕಥೆ ಕೇಳಿ. ತಾಮ್ರದ್ದಕ್ಕೆ 18350 ಅನ್ನುವ ಲಿಥಿಯಂ ಸೆಲ್ಲು. ಅಂದರೆ 18 ಮಿಲಿಮೀಟರ್ ದಪ್ಪ, 35 ಮಿಲಿಮೀಟರ್ ಉದ್ದ. ಎಲ್ಲ ಕಡೆ ಬಳಕೆಯಲ್ಲಿರುವುದು 65 ಮಿಲಿಮೀಟರಿನ 18650. ಚಿಕ್ಕಮಗಳೂರಿನಲ್ಲಿ ಮೂರು ಅಂಗಡಿಗೆ ಸೆಲ್ಲನ್ನು ಹಿಡಿದುಕೊಂಡು ಹೋದೆ. ಮೂರನೆಯವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ಕಟ್ ಮಾಡಿರೋದಾ ಸಾರ್?" ಅಂದರು. ಚಾರ್ಜ್ ಮಾಡಲು ಬುಡಕ್ಕೆ ಅಂಟುವ ಅಯಸ್ಕಾಂತದ ಕೇಬಲ್ಲೇ ಆಗಬೇಕು, ಫೋನಿನದು ನಡೆಯುವುದಿಲ್ಲ. ಟಾರ್ಚಿನ ಬುಡದ ಅಯಸ್ಕಾಂತದಿಂದ ಒಂದು ಉಪಕಾರ ಉಂಟು, ಜೀಪಿನ ಬಾನೆಟ್ ಎತ್ತಿದಾಗ ಒಳಗೆ ಎಲ್ಲಿ ಬೇಕಾದರೂ ಅಂಟಿಸಿ ನಿಲ್ಲಿಸಬಹುದು. ಆದರೆ ಪಂಪ್‌ಹೌಸಿನ ನೆಲದ ಕಬ್ಬಿಣದ ಪುಡಿಯೆಲ್ಲ ಅದಕ್ಕೆ ಗಡ್ಡದ ಹಾಗೆ ಬೆಳೆಯುತ್ತದೆ. ಕೇಬಲ್ ಕಳೆದರೆ, ಗುಂಡಿಯ ರಬ್ಬರು ಹರಿದರೆ ಇನ್ನೊಂದು ಎಲ್ಲಿಂದ ತರುವುದು? ಐನೂರೇ ಮಾಡಿದ್ದಲ್ವಾ!

ಪೆನ್ಸಿಲ್ ಸೆಲ್ಲು ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಕೈ ತೊಳೆದು, ಪಕ್ಕದ ಅಂಗಡಿಯಲ್ಲೇ ಕೇಳಿ ತಗೊಳ್ಳಬಹುದು. ಏನೂ ಸಿಗದಿದ್ದರೆ ಗೋಡೆ ಗಡಿಯಾರದ್ದನ್ನು ಕಿತ್ತು, ರಿಮೋಟಿಂದ ಇನ್ನೊಂದು ಹೊಂದಿಸುತ್ತೇನೆ. ನಮ್ಮ ಗಡಿಯಾರಕ್ಕೂ ರಿಮೋಟಿಗೂ ಒಂದೇ ಅಳತೆ. ಈಗ ನಾಲ್ಕು ಚಾರ್ಜಿಂಗ್ ಸೆಲ್ಲು, ಒಂದು ಚಾರ್ಜರ್ ತಂದಿಟ್ಟಿದ್ದೇನೆ, ಎರಡು ಒಳಗೆ, ಎರಡು ಕಪಾಟಿನಲ್ಲಿ.

ಇದರಲ್ಲೂ ತಪ್ಪಿದೆ. ಮಾಮೂಲಿ ಆಲ್ಕಲೈನ್ ಸೆಲ್ಲು ಹಾಕಿ ತಿಂಗಳುಗಟ್ಟಲೆ ಮರೆತರೆ ಸೋರಿ ಒಳಗೆಲ್ಲ ಬಿಳಿ ಉಪ್ಪಿನಂಥದ್ದು ಕಟ್ಟುತ್ತದೆ. ಒಂದು ಸಲ ನಮಗೂ ಆಯಿತು. ವಿನಿಗರ್ ಅದ್ದಿದ ಹತ್ತಿಯಲ್ಲಿ ಉಜ್ಜಿ, ಒಣಗಿಸಿದ ಮೇಲೆ ಸರಿಹೋಯಿತು. ಬೆಳಕು ಹಳ್ಳದ ಆಚೆ ದಡದವರೆಗೆ ಹೋಗುವುದಿಲ್ಲ, ಅದಕ್ಕೆ ಆ ಪ್ಲಾಸ್ಟಿಕ್ಕಿನದೇ ಸೈ.

ಇನ್ನೊಂದು ವಿಷಯದಲ್ಲಿ ತಾಮ್ರದ್ದಕ್ಕೆ ಸಾಟಿಯಿಲ್ಲ. ಬಣ್ಣ. ಬಿಳಿ ಎಲ್‌ಇಡಿಯ ಹೊಟ್ಟೆಯಲ್ಲಿರುವುದು ನೀಲಿ ಬೆಳಕು. ಆ ನೀಲಿ ಎಲ್‌ಇಡಿ ಮಾಡಿದ್ದಕ್ಕೇ ಮೂವರಿಗೆ 2014ರಲ್ಲಿ ನೊಬೆಲ್ ಬಂದಿದ್ದು. ಮೇಲೆ ಹಳದಿ ಲೇಪ ಹಚ್ಚಿ ಬಿಳಿ ಮಾಡುತ್ತಾರೆ. ಅಗ್ಗದವುಗಳಲ್ಲಿ ಕೆಂಪು ಕಮ್ಮಿ. ಕಾಲ್ಚೀಲದ ಮೇಲೆ ಇಂಬಳ ಕಚ್ಚಿದ ರಕ್ತ ಕೂಡ ಕೆಸರಿನ ಹಾಗೆ ಕಾಣುತ್ತದೆ. ಅಪ್ಪನ ಮೂರು ದಪ್ಪ ಸೆಲ್ಲಿನ ಟಾರ್ಚಿನ ಬಲ್ಬು ಮಂಕಾಗಿದ್ದರೂ ಕೆಂಪನ್ನು ಕೆಂಪಾಗಿಯೇ ತೋರಿಸುತ್ತಿತ್ತು. ತಾಮ್ರದ್ದರಲ್ಲಿ ಒಳ್ಳೆ ಜಾತಿಯ ಎಲ್‌ಇಡಿ ಹಾಕಿದ್ದಾರೆ. ಕುಯ್ಲಿನ ದಿನ ಸಂಜೆ ಆರೂವರೆಗೆ ಚೀಲ ತೂಗುವಾಗ ಅದರ ಬೆಳಕು ಹಾಯಿಸಿದರೆ ಹಣ್ಣು ಯಾವುದು, ಕಾಯಿ ಯಾವುದು ಅಂತ ಥಟ್ಟನೆ ಗೊತ್ತಾಗುತ್ತದೆ. ಕಪ್ಪು ಟಾರ್ಚಿನಲ್ಲಿ ಎರಡೂ ಒಂದೇ ಥರ ಕಂದು. ತಕ್ಕಡಿ ಪಕ್ಕ ಅದಕ್ಕೆ ಜಾಗ ಸಿಕ್ಕಿದ್ದು ಹಾಗೆ.

ದಿನಾ ಕತ್ತಲಲ್ಲಿ ಓಡಾಡುವವರು, ಮನೆಯಲ್ಲಿ ಮೂರು ಜನ ಒಂದೇ ಟಾರ್ಚು ಬಳಸುವವರು ಸುಮ್ನೆ ಪೆನ್ಸಿಲ್ ಸೆಲ್ಲಿನದು ತಗೊಳ್ಳಿ, ಚಾರ್ಜಿಂಗ್ ಸೆಲ್ಲು ಸೇರಿದರೂ ಮೂರು ಸಾವಿರದೊಳಗೆ ಮುಗಿಯುತ್ತದೆ. ಪೇಟೆಯಲ್ಲಿದ್ದು, ಚಂದದ ವಸ್ತು ಜೇಬಿನಲ್ಲಿರಲಿ ಅನ್ನುವವರಿಗೆ ತಾಮ್ರದ್ದು ಬೇಡ ಅನ್ನಲು ನಾನು ಯಾರು.

ಹೋದ ತಿಂಗಳು ಅಕ್ಕನ ಮಗ ಬಂದಿದ್ದ. ತಾಮ್ರ ಹಳತಾದಷ್ಟೂ ಕಂದು ತಿರುಗಿ ಬೆಲೆ ಬರುತ್ತದೆ, ಇಟ್ಟರೆ ನಾಳೆ ಇನ್ನೂ ಜಾಸ್ತಿಗೆ ಹೋಗುತ್ತದೆ ಅಂತ ಹೇಳುತ್ತಾ ಡಬ್ಬ ತೆಗೆದ. ಟಾರ್ಚು ಫಳಫಳ ಹೊಳೆಯುತ್ತಿತ್ತು. ಹಬ್ಬಕ್ಕೆ ಅಂತ ಅಮ್ಮ ಚೊಂಬು, ಹಂಡೆ ತಿಕ್ಕುವಾಗ ಇದಕ್ಕೂ ಹುಣಸೆಹಣ್ಣು ಹಾಕಿ ಬೆಳಗಿಟ್ಟಿದ್ದರು. 137 ಅನ್ನುವ ನಂಬರಿನ ಸಂದಿಯಲ್ಲಿ ಮಾತ್ರ ಸ್ವಲ್ಪ ಕಪ್ಪು ಉಳಿದಿತ್ತು.