ಎಸೆಯುವ ಡೈಪರ್, ಬಟ್ಟೆ ಡೈಪರ್, ಹತ್ತಿ ಬಟ್ಟೆ: ಮಗಳಿಗೆ ಮೂರನ್ನೂ ಹಾಕಿ ನೋಡಿದ ಮೇಲೆ

ಮಗಳು ಹುಟ್ಟಿದ ಮೊದಲ ಹತ್ತು ತಿಂಗಳಲ್ಲಿ ನಾವು ಬಳಸಿ ಎಸೆಯುವ ಡೈಪರ್, ಒಗೆದು ಮತ್ತೆ ಹಾಕುವ ಬಟ್ಟೆ ಡೈಪರ್ ಮತ್ತು ಮಡಚಿ ಕಟ್ಟುವ ಮೆತ್ತನೆಯ ಹತ್ತಿ ಬಟ್ಟೆ, ಈ ಮೂರನ್ನೂ ಬಳಸಿ ನೋಡಿದೆವು. ಆಗ ನಮ್ಮನ್ನು ಕಾಡಿದ್ದು ದದ್ದು, ಸೋರಿಕೆ, ಒಳಗಿನ ರಾಸಾಯನಿಕ, ಮತ್ತು ಮನೆಯ ಹಿರಿಯರು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ ‘ಕಾಲು ಸೊಟ್ಟಗಾಗುತ್ತದೆ’ ಎಂಬ ಮಾತು.

ಕಾಲಿನ ಚಿಂತೆಯನ್ನು ನಾವು ಬೇಗನೆ ಬಿಟ್ಟೆವು. ಎಳೆಗೂಸಿನ ಕಾಲು ಹುಟ್ಟಿನಿಂದಲೇ ತುಸು ಬಾಗಿರುತ್ತದೆ ಮತ್ತು ಸಾಮಾನ್ಯವಾಗಿ ಎರಡು ವರ್ಷದ ಹೊತ್ತಿಗೆ ತಾನಾಗಿ ನೆಟ್ಟಗಾಗುತ್ತದೆ. ಬಟ್ಟೆ ಡೈಪರ್ ದಪ್ಪವಿದ್ದು ತೊಡೆಗಳು ಅಗಲವಾಗಿ ನಿಂತರೂ ಸೊಂಟದ ಕೀಲಿಗೆ ಅದರಿಂದ ತೊಂದರೆಯಿಲ್ಲ. ಕಾಲುಗಳನ್ನು ನೇರವಾಗಿ ಎಳೆದು ಬಿಗಿಯಾಗಿ ಸುತ್ತುವುದೇ ಕೀಲಿಗೆ ಒಳ್ಳೆಯದಲ್ಲ.

ಎಸೆಯುವ ಡೈಪರಿನ ಬಲ ರಾತ್ರಿಯಲ್ಲಿ ತಿಳಿಯುತ್ತದೆ. ಅದರೊಳಗಿನ ಸೋಡಿಯಂ ಪಾಲಿಅಕ್ರಿಲೇಟ್ ಹರಳುಗಳು ಮೂತ್ರವನ್ನು ಹೀರಿ ಜೆಲ್ಲಿಯಂತೆ ಉಬ್ಬುವುದರಿಂದ ಮೇಲ್ಪದರ ಬಹುಮಟ್ಟಿಗೆ ಒಣಗಿಯೇ ಇರುತ್ತದೆ. ಒಂದು ಬೆಳಿಗ್ಗೆ ತುಂಬಿ ಭಾರವಾಗಿದ್ದ ಡೈಪರಿನ ಹೊಲಿಗೆ ಬಿಚ್ಚಿ, ಗಾಜಿನ ಚೂರಿನಂತಹ ಮಣಿಗಳು ಮಗುವಿನ ತೊಡೆಗೆಲ್ಲ ಅಂಟಿದ್ದನ್ನು ಕಂಡು ಕೈಕಾಲು ತಣ್ಣಗಾದವು. ಒದ್ದೆ ಬಟ್ಟೆಯಿಂದ ಒರೆಸಿದೆವು, ಚರ್ಮಕ್ಕೆ ಏನೂ ಆಗಿರಲಿಲ್ಲ. ಆದರೆ ಈ ಒಣತನವೇ ಅದರ ದೋಷವೂ ಹೌದು, ಏಕೆಂದರೆ ಮಗು ಅಳುವುದಿಲ್ಲ, ನಾವು ಮರೆಯುತ್ತೇವೆ. ಎರಡನೆಯ ತಿಂಗಳಲ್ಲಿ ಹೀಗೆ ಒಂದು ಹಗಲು ಐದು ಗಂಟೆ ಬಿಟ್ಟಿದ್ದರಿಂದ, ಮೂತ್ರ ಮತ್ತು ಮಲ ಎರಡೂ ಸೇರಿ ಚರ್ಮ ಕೆಂಪಾಯಿತು. ಪೌಡರ್ ಬೇಡ, ಗಾಳಿಗೆ ಬಿಡಿ, ಜಿಂಕ್ ಆಕ್ಸೈಡ್ ಮುಲಾಮು ದಪ್ಪಗೆ ಹಚ್ಚಿ ಎಂದು ವೈದ್ಯರು ಹೇಳಿದರು. ಮೊದಲ ಬಾರಿ ಅಷ್ಟರಿಂದಲೇ ವಾಸಿಯಾಯಿತು. ಇನ್ನೊಮ್ಮೆ ಮಾತ್ರ ಕೆಂಪು ತೊಡೆಸಂದಿನೊಳಗೂ ಇಳಿದು, ಸುತ್ತ ಸಣ್ಣ ಕೆಂಪು ಗುಳ್ಳೆಗಳು ಚದುರಿದಂತೆ ಎದ್ದವು. ಅದು ಶಿಲೀಂಧ್ರದ ಸೋಂಕಾಗಿದ್ದರಿಂದ ಬೇರೆ ಮುಲಾಮೇ ಬೇಕಾಯಿತು.

ಬಟ್ಟೆ ಡೈಪರಿನಲ್ಲಿ ಎರಡು ಗಂಟೆಗೊಮ್ಮೆ ಬದಲಿಸುವುದು ಅನಿವಾರ್ಯವಾದ್ದರಿಂದ ದದ್ದು ಕಡಿಮೆಯಾಯಿತು, ಸೋರಿಕೆ ಹೆಚ್ಚಾಯಿತು. ಸೋರಿಕೆಗೆ ಅರ್ಧ ಕಾರಣ ನಾನೇ: ಒಳಪದರ ಮೆತ್ತಗಿರಲೆಂದು ಒಗೆಯುವಾಗ ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕುತ್ತಿದ್ದೆ, ಅದು ಎಳೆಗಳ ಮೇಲೆ ಕೂತು ಹೀರುವ ಗುಣವನ್ನೇ ಕುಗ್ಗಿಸಿತ್ತು. ಮೋಡದ ದಿನಗಳಲ್ಲಿ ಒಳಪದರಗಳು ಒಣಗುವುದೂ ಇಲ್ಲ.

ಬರೀ ಹತ್ತಿ ಬಟ್ಟೆಯಷ್ಟು ಕೆಲಸ ಕೊಡುವುದು ಬೇರೊಂದಿಲ್ಲ; ಪ್ರತಿ ಸಲವೂ ಹಾಸಿಗೆ, ಅಂಗಿ, ಎತ್ತಿಕೊಂಡವರ ಮಡಿಲು ಎಲ್ಲವೂ ಒದ್ದೆ. ಆದರೂ ಮೊದಲ ವಾರಗಳಿಗೆ ನಾನು ಅದನ್ನೇ ಮೇಲೆಂದು ಎಣಿಸುತ್ತೇನೆ. ಐದನೆಯ ದಿನದ ನಂತರ ದಿನಕ್ಕೆ ಆರು ಬಾರಿಯಾದರೂ ಒದ್ದೆಯಾದರೆ ಹಾಲು ಸಾಲುತ್ತಿದೆ ಎಂದು ತಿಳಿಯಬಹುದು, ಮತ್ತು ಬಟ್ಟೆಯಲ್ಲಿ ಈ ಲೆಕ್ಕ ತಪ್ಪುವುದಿಲ್ಲ.

ಈಗ ಹಗಲು ಬಟ್ಟೆ ಡೈಪರ್, ರಾತ್ರಿ ಎಸೆಯುವುದು. ಮಲವಿಸರ್ಜನೆಯಾದರೆ ಯಾವುದಿದ್ದರೂ ಆ ಕ್ಷಣವೇ ಬದಲಿಸುತ್ತೇವೆ. ರಾತ್ರಿ ಹಾಲಿಗೆ ಎದ್ದಾಗ ಡೈಪರಿನ ಮುಂಭಾಗದ ಹಳದಿ ಗೆರೆ ಒದ್ದೆಯಾಗಿ ನೀಲಿಯಾಗಿದೆಯೇ ಎಂದು ಟಾರ್ಚ್ ಹಿಡಿದು ನೋಡುತ್ತೇವೆ.