ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ: ಮೆತ್ತನೆ ಗಾರ್ಡ್, ಗಟ್ಟಿ ಗಾರ್ಡ್, ಹಗಲಿನ ಅಭ್ಯಾಸ

ಈ ಮೂರನ್ನೂ ನಾನು ಮಂಗಳೂರಿನಲ್ಲೇ ಬಳಸಿ ನೋಡಿದ್ದೇನೆ. ಗಾರ್ಡ್ ಅಂದರೆ ರಾತ್ರಿ ಹಲ್ಲಿನ ಮೇಲೆ ಹಾಕಿಕೊಳ್ಳುವ ಕವಚ. ಮೊದಲೇ ಒಂದು ಮಾತು. ಹಲ್ಲು ಉಳಿಸಿಕೊಳ್ಳುವುದು ಒಂದು ಕೆಲಸ, ದವಡೆ ನೋವು ಇಳಿಸುವುದು ಇನ್ನೊಂದು ಕೆಲಸ. ಎರಡನ್ನೂ ಒಂದೇ ವಸ್ತುವಿನಿಂದ ನಿರೀಕ್ಷಿಸಿದರೆ ದುಡ್ಡು ಸುಮ್ನೆ ಹೋಗುತ್ತದೆ.

ಮೆತ್ತನೆ ಗಾರ್ಡ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಬಿಸಿನೀರಲ್ಲಿ ಅದ್ದಿ ಕಚ್ಚಿದರೆ ಹಲ್ಲಿನ ಆಕಾರಕ್ಕೆ ಕೂರುತ್ತದೆ. ಅಗ್ಗ, ಅವತ್ತು ರಾತ್ರಿಯೇ ಹಾಕಿಕೊಳ್ಳಬಹುದು. ಇದರ ಒಳ್ಳೆಯ ಗುಣ ಇಷ್ಟೇ. ಆದರೆ ಬಾಯಲ್ಲಿ ಮೆತ್ತಗಿನದ್ದು ಸಿಕ್ಕಿದರೆ ದವಡೆ ಅದನ್ನು ಅಗಿಯುತ್ತಲೇ ಇರುತ್ತದೆ. ಕೆಲವರಲ್ಲಿ ಸ್ನಾಯುವಿನ ಕೆಲಸ ಇದರಿಂದ ಜಾಸ್ತಿಯೇ ಆಗುತ್ತದೆ. ನನಗೂ ಬೆಳಿಗ್ಗೆ ಕಿವಿಯ ಮುಂದೆ ಬಿಗಿತ ಹೆಚ್ಚಾಯಿತು, ದವಡೆ ಹಲ್ಲಿನ ಜಾಗದಲ್ಲಿ ಗಾರ್ಡ್ ತೂತೂ ಬಿತ್ತು.

ಅಕ್ರಿಲಿಕ್ ಎಂಬ ಗಟ್ಟಿ ಪ್ಲಾಸ್ಟಿಕ್‌ನ ಗಾರ್ಡ್ ಬೇರೆಯೇ ದರ್ಜೆ. ಡೆಂಟಿಸ್ಟ್ ಹಲ್ಲಿನ ಅಚ್ಚು ತೆಗೆದು ಮಾಡಿಸಿಕೊಡುತ್ತಾರೆ. ದೇರಳಕಟ್ಟೆ, ಮಣಿಪಾಲದಂಥ ಕಡೆ ಡೆಂಟಲ್ ಕಾಲೇಜುಗಳೇ ಇರುವುದರಿಂದ ನಮ್ಮ ಕಡೆಯವರು ಇದಕ್ಕೆ ದೂರ ಹೋಗಬೇಕಿಲ್ಲ. ಬಣ್ಣದ ಕಾಗದ ಕಚ್ಚಿಸಿ, ಗುರುತು ಜೋರಾಗಿ ಬಿದ್ದಲ್ಲಿ ತೇಯ್ದು, ಎಲ್ಲಾ ಹಲ್ಲೂ ಸಮವಾಗಿ ತಾಗುವ ಹಾಗೆ ಮಾಡಬೇಕು. ಈ ತೇಯುವ ಕೆಲಸಕ್ಕೆ ಅವಸರ ಮಾಡಬೇಡಿ, ಗಾರ್ಡಿನ ಬೆಲೆ ಇರುವುದೇ ಅಲ್ಲಿ. ಈಗ ನನ್ನ ಗಾರ್ಡನ್ನು ಬೆಳಕಿಗೆ ಹಿಡಿದರೆ ಒಂದು ಬದಿಯಲ್ಲಿ ಹೊಳೆಯುವ ಗೀರುಗಳು ಕಾಣುತ್ತವೆ. ಅಷ್ಟೂ ಹಲ್ಲಿನ ಮೇಲೆ ಬೀಳಬೇಕಿದ್ದ ಗೀರು.

ಅಂದರೆ ಕಡಿಯುವುದು ನಿಂತಿಲ್ಲ. ನಿಲ್ಲಿಸುವುದು ಗಾರ್ಡಿನ ಕೆಲಸವೂ ಅಲ್ಲ. ಇದು ಶುರುವಾಗುವುದು ಮೆದುಳಿನಲ್ಲಿ. ನಿದ್ದೆ ಕೆಲವು ಸೆಕೆಂಡು ತೆಳ್ಳಗಾಗುತ್ತದೆ, ಎದೆಬಡಿತ ಏರುತ್ತದೆ, ಅದರ ಹಿಂದೆಯೇ ದವಡೆ ಸ್ನಾಯು ಬಿಗಿಯುತ್ತದೆ. ಹಾಂ, ನಮ್ಮ ಮಳೆಗಾಲದಲ್ಲಿ ಗಾರ್ಡನ್ನು ಒದ್ದೆಯಾಗಿ ಮುಚ್ಚಿಡಬೇಡಿ, ವಾಸನೆ ಹಿಡಿಯುತ್ತದೆ. ತೂತಿರುವ ಡಬ್ಬಿ ಬೇಕು. ಬಿಸಿನೀರು ತಾಗಿಸಬಾರದು, ಆಕಾರ ಕೆಡುತ್ತದೆ.

ಮೂರನೆಯದು ಹಗಲಿನ ಅಭ್ಯಾಸ. ಇದಕ್ಕೆ ಖರ್ಚಿಲ್ಲ, ನನ್ನ ನೋವು ನಿಜವಾಗಿ ಇಳಿದದ್ದು ಇದರಿಂದಲೇ. ಕೆನ್ನೆಯ ಹಿಂಭಾಗಕ್ಕೆ ಬೆರಳಿಟ್ಟು ಹಲ್ಲು ಕಚ್ಚಿ ನೋಡಿ, ಒಂದು ಗಡ್ಡೆ ಎದ್ದು ಬರುತ್ತದೆ. ಅದೇ ಮ್ಯಾಸಿಟರ್ ಸ್ನಾಯು. ಸುಮ್ಮನಿದ್ದಾಗ ಅದು ಮೆತ್ತಗಿರಬೇಕು. ತುಟಿ ಮುಚ್ಚಿ, ಹಲ್ಲುಗಳ ನಡುವೆ ಸ್ವಲ್ಪ ಸಂದು, ನಾಲಿಗೆ ತುದಿ ಮೇಲಿನ ಮುಂದಿನ ಹಲ್ಲುಗಳ ಹಿಂದೆ. ಪಂಪ್‌ವೆಲ್‌ನಿಂದ ನಂತೂರಿಗೆ ಬೈಕಿನಲ್ಲಿ ಹೋಗುವಾಗ ಹೆಲ್ಮೆಟ್ ಒಳಗೆ ನನ್ನ ಹಲ್ಲು ಕಚ್ಚಿಯೇ ಇರುತ್ತಿತ್ತು. ಈಗ ಪ್ರತಿ ಸಿಗ್ನಲ್‌ನಲ್ಲಿ ದವಡೆ ಸಡಿಲ ಬಿಡುತ್ತೇನೆ. ಮಲಗುವ ಮುಂಚೆ ಕೆನ್ನೆಗೆ ಬಿಸಿ ಬಟ್ಟೆ ಇಡುತ್ತೇನೆ. ನೋವಿದ್ದ ದಿನ ಚಕ್ಕುಲಿ ಇಲ್ಲ, ನೀರ್ ದೋಸೆ ಸಾಕು. ಸಂಜೆಯ ತಲೆನೋವು ತುಂಬಾ ಕಡಿಮೆಯಾಗಿದೆ. ರಾತ್ರಿ ಕಡಿಯುವುದಕ್ಕೆ ಮಾತ್ರ ಇದು ಗಾರ್ಡಿನ ಬದಲಿ ಅಲ್ಲ.

ದವಡೆ ಸ್ನಾಯುವಿಗೆ ಚುಚ್ಚುವ ಬೊಟಾಕ್ಸ್ ಇಂಜೆಕ್ಷನ್ ಕೂಡ ಇದೆ, ನಾನು ಮಾಡಿಸಿಲ್ಲ. ಅದು ಸ್ನಾಯುವಿನ ಬಲ ಕುಗ್ಗಿಸುತ್ತದೆ, ಸುಮಾರು 3-4 ತಿಂಗಳಲ್ಲಿ ಪರಿಣಾಮ ಇಳಿಯುತ್ತದೆ.

ಹಲ್ಲು ಸವೆದಿದ್ದರೆ, ತುದಿ ಮುರಿದಿದ್ದರೆ ಗಟ್ಟಿ ಗಾರ್ಡಿಗೇ ಹೋಗಿ. ಬರೀ ನೋವಾದರೆ ಹಗಲಿನ ಅಭ್ಯಾಸದಿಂದ ಶುರು ಮಾಡಿ. ಗೊರಕೆ ಜೋರಿದ್ದು ಹಗಲಲ್ಲಿ ತೂಕಡಿಕೆ ಬರುತ್ತಿದ್ದರೆ ಮೊದಲು ನಿದ್ದೆಯ ಪರೀಕ್ಷೆ ಆಗಲಿ. ನಿದ್ದೆಯಲ್ಲಿ ಉಸಿರು ಕಟ್ಟುವ ಕೆಲವರಿಗೆ ಮೇಲಿನ ದವಡೆಯ ಗಾರ್ಡಿನಿಂದ ಆ ತೊಂದರೆ ಹೆಚ್ಚಬಹುದು, ಅಚ್ಚು ಕೊಡುವ ಮುಂಚೆಯೇ ಇದನ್ನು ಡೆಂಟಿಸ್ಟಿಗೆ ಹೇಳಿಬಿಡಿ.