ಟಿಕೆಟ್ ರದ್ದತಿ: ವಿಮಾನ ಸಂಸ್ಥೆಯಲ್ಲಿ ನೇರವಾಗಿಯೋ, ಏಜೆನ್ಸಿಯ ಮೂಲಕವೋ?

ಕಳೆದ ಎರಡು ವರ್ಷಗಳಲ್ಲಿ ನಾನು ನಾಲ್ಕು ವಿಮಾನ ಟಿಕೆಟ್‌ಗಳನ್ನು ರದ್ದು ಮಾಡಬೇಕಾಗಿ ಬಂತು. ಅವುಗಳಲ್ಲಿ ಮೂರನ್ನು ವಿಮಾನಯಾನ ಸಂಸ್ಥೆಗಳ ಜಾಲತಾಣದಲ್ಲೇ ಕೊಂಡಿದ್ದೆ. ಒಂದನ್ನು ಮಾತ್ರ, ದರ ತುಸು ಅಗ್ಗವೆಂಬ ಒಂದೇ ಕಾರಣಕ್ಕೆ, ಆನ್‌ಲೈನ್ ಟ್ರಾವೆಲ್ ಏಜೆನ್ಸಿಯ ಮೂಲಕ ಕೊಂಡಿದ್ದೆ.

ನೇರವಾಗಿ ಕೊಂಡ ಮೊದಲ ಟಿಕೆಟ್‌ನಲ್ಲಿ ತಿಂಗಳನ್ನೇ ತಪ್ಪಾಗಿ ಆರಿಸಿದ್ದೆ. ಅದು ಗಮನಕ್ಕೆ ಬಂದ ಒಂದು ಗಂಟೆಯೊಳಗೆ ರದ್ದು ಮಾಡಿದ್ದರಿಂದ ಒಂಬತ್ತನೆಯ ದಿನ ಪೂರ್ತಿ ಹಣ ಕಾರ್ಡಿಗೆ ಮರಳಿತು. ಅಮೆರಿಕದ ನಿಯಮದಂತೆ, ಪ್ರಯಾಣಕ್ಕೆ ಕನಿಷ್ಠ 7 ದಿನ ಮುಂಚಿತವಾಗಿ ಸಂಸ್ಥೆಯಲ್ಲೇ ಕಾಯ್ದಿರಿಸಿದವರಿಗೆ 24 ಗಂಟೆಗಳೊಳಗೆ ದಂಡವಿಲ್ಲದೆ ರದ್ದು ಮಾಡುವ ಅವಕಾಶವನ್ನೋ, ಹಣ ಕಟ್ಟದೆಯೇ ಅಷ್ಟು ಹೊತ್ತು ಅದೇ ದರವನ್ನು ಉಳಿಸಿಕೊಳ್ಳುವ ಅವಕಾಶವನ್ನೋ ಸಂಸ್ಥೆ ಕೊಡಲೇಬೇಕು. ಈ ನಿಯಮ ಏಜೆನ್ಸಿಗಳಿಗೆ ಅನ್ವಯಿಸುವುದಿಲ್ಲವೆಂಬುದು ನನಗೆ ತಿಳಿದದ್ದು ತಡವಾಗಿ.

ಏಜೆನ್ಸಿಯ ಟಿಕೆಟ್ ನನ್ನನ್ನು ಹನ್ನೊಂದು ವಾರ ಕಾಯಿಸಿತು. ಏಜೆನ್ಸಿಯವರನ್ನು ಕೇಳಿದರೆ ಸಂಸ್ಥೆಯಿಂದ ಇನ್ನೂ ಹಣ ಬಂದಿಲ್ಲವೆನ್ನುವರು. ಸಂಸ್ಥೆಯವರನ್ನು ಕೇಳಿದರೆ ಏಜೆನ್ಸಿಯನ್ನೇ ವಿಚಾರಿಸಿ ಎನ್ನುವರು. ಕಾರ್ಡಿನ ವಿವರಪಟ್ಟಿಯಲ್ಲಿ ಏಜೆನ್ಸಿಯ ಹೆಸರಿದ್ದುದರಿಂದ, ಹಣ ಬಂದ ದಾರಿಯಲ್ಲೇ, ಅಂದರೆ ಅವರ ಕೈ ದಾಟಿಯೇ, ಮರಳಬೇಕಿತ್ತು. ನಾನು ಪ್ರತಿ ಸಲವೂ ಆರು ಅಕ್ಷರಗಳ ಪಿಎನ್‌ಆರ್ ಹೇಳುತ್ತಿದ್ದೆ. ಆದರೆ ಅದು ಕಾಯ್ದಿರಿಸಿದ್ದರ ಗುರುತು ಮಾತ್ರ, ಹಣದ ಲೆಕ್ಕ ನಡೆಯುವುದು 13 ಅಂಕಿಗಳ ಇ-ಟಿಕೆಟ್ ಸಂಖ್ಯೆಯ ಮೇಲೆ. ಆ ಸಂಖ್ಯೆ ಕೊಟ್ಟು, ಮರುಪಾವತಿಯನ್ನು ಯಾವ ದಿನ ಏಜೆನ್ಸಿಗೆ ಕಳುಹಿಸಿದಿರಿ ಎಂದು ಸಂಸ್ಥೆಗೆ ಇಮೇಲ್ ಬರೆದಾಗ ದಿನಾಂಕ ಸಹಿತ ಉತ್ತರ ಬಂತು. ಅದನ್ನೇ ಏಜೆನ್ಸಿಗೆ ರವಾನಿಸಿದ ಐದನೆಯ ದಿನ ಹಣ ಬಂತು, ಸಂಸ್ಥೆಯ ರದ್ದತಿ ಶುಲ್ಕದ ಮೇಲೆ ಏಜೆನ್ಸಿಯ ಸೇವಾ ಶುಲ್ಕವನ್ನೂ ಕಳೆದುಕೊಂಡು. ಕೊಳ್ಳುವಾಗ ಉಳಿದದ್ದಕ್ಕಿಂತ ಆ ಸೇವಾ ಶುಲ್ಕವೇ ಹೆಚ್ಚಾಗಿತ್ತು.

ಮೂರನೆಯ ಟಿಕೆಟ್‌ನಲ್ಲಿ ಎಡವಿದ್ದು ನಾನೇ. ರದ್ದತಿಯ ಪುಟದಲ್ಲಿ ‘ಕ್ರೆಡಿಟ್ ಪಡೆಯಿರಿ’ (ಹಣದ ಬದಲು, ಮುಂದೆ ಅದೇ ಸಂಸ್ಥೆಯ ಟಿಕೆಟ್‌ಗೆ ಬಳಸಬಹುದಾದ ಮೊತ್ತ) ಎಂಬ ದಪ್ಪ ನೀಲಿ ಗುಂಡಿಯಿತ್ತು. ಮರುಪಾವತಿಯ ಆಯ್ಕೆ ಅದರ ಕೆಳಗೆ ಬೂದು ಬಣ್ಣದ ಸಣ್ಣ ಅಕ್ಷರಗಳಲ್ಲಿತ್ತು. ಶುಲ್ಕ ಕಡಿತವಿಲ್ಲವೆಂಬ ಆಸೆಗೆ ನೀಲಿಯನ್ನೇ ಒತ್ತಿದೆ. ಕ್ರೆಡಿಟ್‌ಗೆ ಒಂದು ವರ್ಷದ ಅವಧಿ ಎಂದಿದ್ದದ್ದು ರದ್ದು ಮಾಡಿದ ದಿನದಿಂದಲ್ಲ, ಮೂಲ ಟಿಕೆಟ್ ಕೊಂಡ ದಿನದಿಂದ ಎಂದು ಆಮೇಲೆ ತಿಳಿಯಿತು. ನನಗೆ ಉಳಿದಿದ್ದದ್ದು ನಾಲ್ಕು ತಿಂಗಳು, ಅದೂ ನನ್ನ ಹೆಸರಿನಲ್ಲಿ ಮಾತ್ರ ಬಳಸಬಹುದಾಗಿತ್ತು. ಆ ಅವಧಿಯಲ್ಲಿ ನಾನು ಎಲ್ಲಿಗೂ ಹೋಗಲಿಲ್ಲ.

ದಿನಾಂಕ ಬದಲಾವಣೆಯನ್ನೂ ಒಮ್ಮೆ ಲೆಕ್ಕ ಹಾಕಿ ನೋಡಿದ್ದೆ. ಬದಲಾವಣೆಗೆ ಶುಲ್ಕವಿಲ್ಲವೆಂದು ಬರೆದಿದ್ದರೂ ದರದ ವ್ಯತ್ಯಾಸ ಕಟ್ಟಬೇಕಾಗಿದ್ದರಿಂದ, ಹಳೆಯದನ್ನು ಬಿಟ್ಟು ಬೇರೆ ಸಂಸ್ಥೆಯಲ್ಲಿ ಹೊಸದನ್ನು ಕೊಳ್ಳುವುದೇ ಅಗ್ಗವಾಗುತ್ತಿತ್ತು.

ನಾಲ್ಕನೆಯದು ಹಣ ಮರಳದ ದರ್ಜೆಯ ಟಿಕೆಟ್. ಹೋಗುವುದಿಲ್ಲವೆಂದು ಖಚಿತವಾದ ಮೇಲೂ ಅದನ್ನು ರದ್ದು ಮಾಡದೆ ಕಾದೆ. ಮೂರು ವಾರಗಳ ಬಳಿಕ ಸಂಸ್ಥೆಯೇ ಆ ವಿಮಾನವನ್ನು ರದ್ದುಪಡಿಸಿತು, ಪೂರ್ತಿ ಹಣ ಬಂತು. ನಾನಾಗಿ ರದ್ದು ಮಾಡಿದ್ದರೆ ಒಂದಷ್ಟು ತೆರಿಗೆಯ ಹಣ ಮಾತ್ರ ಸಿಗುತ್ತಿತ್ತು. ಸಂಸ್ಥೆಯೇ ವಿಮಾನ ರದ್ದುಪಡಿಸಿದರೆ, ಐರೋಪ್ಯ ಒಕ್ಕೂಟದ 261/2004 ನಿಯಮದಂತೆ, ಮರುಪಾವತಿ ಕೇಳಿದವರಿಗೆ 7 ದಿನಗಳೊಳಗೆ ಹಣ ಕೊಡಬೇಕು. ಪ್ರಯಾಣಿಕರ ಸಹಿಯುಳ್ಳ ಒಪ್ಪಿಗೆಯಿಲ್ಲದೆ ಅದರ ಬದಲು ವೋಚರ್ ಕೊಡುವಂತಿಲ್ಲ. ಅಮೆರಿಕದ 2024ರ ನಿಯಮದಲ್ಲಿ, ಹೊರಡುವ ಸಮಯ ಹಿಂದಕ್ಕೆ ಬಂದು ಬೇಗನೆಯೋ, ತಲುಪುವ ಸಮಯ ತಡವಾಗಿಯೋ, ದೇಶದೊಳಗಿನ ಪ್ರಯಾಣದಲ್ಲಿ 3 ಗಂಟೆ, ಅಂತರರಾಷ್ಟ್ರೀಯ ಪ್ರಯಾಣದಲ್ಲಿ 6 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಬದಲಾಗಿ, ಪ್ರಯಾಣಿಕ ಅದನ್ನು ಒಪ್ಪದಿದ್ದರೂ ಹಣ ಮರಳಬೇಕು.

ಕಾಯುವುದು ಜೂಜೇ ಸರಿ. ವಿಮಾನ ಹೊರಡುವವರೆಗೂ ಸುಮ್ಮನಿದ್ದರೆ ಟಿಕೆಟ್ ನೋ-ಶೋ ಆಗಿ (ಪ್ರಯಾಣಿಕ ಬರಲೇ ಇಲ್ಲವೆಂದು ದಾಖಲಾಗಿ), ಹಲವು ಸಂಸ್ಥೆಗಳಲ್ಲಿ ಮುಂದಿನ ಹಂತದ ಪ್ರಯಾಣಗಳೂ ರದ್ದಾಗುತ್ತವೆ. ಆದ್ದರಿಂದ ಪ್ರಯಾಣದ ಹಿಂದಿನ ದಿನ ಸಂಜೆಗೆ ಫೋನಿನಲ್ಲಿ ಅಲಾರಂ ಇಟ್ಟುಕೊಂಡೇ ಕಾದಿದ್ದೆ.